ಹನ್ನೊಂದೇ ಇದೆ

ಜನವರಿಯಲ್ಲಿ ಮಹೋನ್ ಬಂದರಿಗೆ ಬರುವುದು
ಬಡಗಣ ಗಾಳಿ, ಮತ್ತೆ ಬುಧವಾರದ ಹಡಗು.
ನಾನು ಆ ಹಡಗಿನ ಟಿಕೆಟ್ ಹರಿಯುವವನು.
ಹರಿಯಲು ಟಿಕೆಟ್ಟಿಲ್ಲದ ಸಂಜೆ
ತೊಫೊಲನ ಬಾರಿನ ಕೊನೆಯ ಸ್ಟೂಲಿನಲ್ಲಿ ಕೂತು
ಅವನ ಕೈ ನೋಡುತ್ತೇನೆ.

ಮೊಟ್ಟೆಯನ್ನು ಅವನು ಅಂಚಿಗೆ ಬಡಿಯುವುದಿಲ್ಲ.
ಸಪಾಟು ಕಲ್ಲಿನ ಮೇಲೆ ಒಂದೇ ಏಟು,
ಬಾಗಿಲು ತಟ್ಟಿದ ಹಾಗೆ: ಸಾಲ ಕೊಟ್ಟವನಂತಲ್ಲ,
ಚೆಂಡು ಕೇಳಲು ಬಂದ ಪಕ್ಕದ ಮನೆ ಹುಡುಗನಂತೆ.
ಆಮೇಲೆ ಎರಡು ಚಿಪ್ಪಿನ ನಡುವೆ ಹಳದಿಯನ್ನು
ಅತ್ತಿಂದಿತ್ತ ಇತ್ತಿಂದತ್ತ
ತೂಗಿ ತೂಗಿ
ಬಿಳಿ ಇಳಿಯಗೊಡುತ್ತಾನೆ.
ಕೊನೆಯ ಎಳೆ ಮಾತ್ರ ಬಿಡಲೊಲ್ಲದು.
ಅದನ್ನು ಚಿಪ್ಪಿನ ಅಂಚಿನಿಂದಲೇ ಕತ್ತರಿಸುತ್ತಾನೆ.

ಬಿಳಿ ಷೇಕರಿಗೆ.
ಹಳದಿ, ಗೋಡೆಯ ಕಿಂಡಿಯಲ್ಲಿಟ್ಟ ನೀಲಿ ಬಟ್ಟಲಿಗೆ.
ಕಿಂಡಿಯಾಚೆ ಅಡುಗೆಮನೆ, ಅಲ್ಲಿ ಮಾರ್ಗಲಿದಾ,
ಅವನ ಅಕ್ಕ.
ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಅಪ್ಪನ ದೋಣಿ ಕಾರಣ ಅನ್ನುತ್ತಾರೆ ಕೆಲವರು,
ದೋಣಿ ಮಾರಿದ ದುಡ್ಡು ಅನ್ನುತ್ತಾರೆ ಕೆಲವರು,
ನನಗೆ ತಿಳಿದಂತೆ, ದೋಣಿಗೆ ಬಳಿದ ಬಣ್ಣ.
ಬಾರು ಇಬ್ಬರ ಹೆಸರಲ್ಲಿದೆ, ಮೊಟ್ಟೆಯ ಲೆಕ್ಕವೂ.
ಎಣ್ಣೆ ಸೀಗೆಕಾಯಿ ಎಂದುಬಿಡೋಣವೆಂದರೆ
ಎಣ್ಣೆಯನ್ನು ಒಲಿಸುವುದೇ ಅವಳ ಕಸುಬು:
ಹಳದಿಗೆ ಒಂದು ಹನಿ, ತಿರುವು, ಇನ್ನೊಂದು ಹನಿ,
ಅವಸರಿಸಿದರೆ ಒಡೆದುಹೋಗುತ್ತದೆ.
ಮಯೊನೀಸ್ ಈ ಊರಿನದು, ಹೆಸರಲ್ಲೇ ಊರಿದೆ
ಎಂದು ಪ್ರವಾಸಿಗಳಿಗೆ ಹೇಳುತ್ತಾಳೆ.
ಅದನ್ನು ಫ್ರೆಂಚರು ಒಪ್ಪುವುದಿಲ್ಲ,
ಫ್ರೆಂಚರನ್ನು ಅವಳು ಒಪ್ಪುವುದಿಲ್ಲ.

ಜಿನ್ನಿನ ಬಗ್ಗೆ ಯಾರ ತಕರಾರೂ ಇಲ್ಲ.
ಇಂಗ್ಲಿಷ್ ನಾವಿಕರು ಬಾಯಾರಿ ಬಂದರು,
ಜ್ಯೂನಿಪರ್ ಕಾಯಿ ತರಿಸಿ ಭಟ್ಟಿ ಹೂಡಿಸಿದರು,
ಹಡಗು ಹತ್ತಿ ಹೋದರು.
ಭಟ್ಟಿ ಹಡಗು ಹತ್ತಲಿಲ್ಲ.

ಜಿನ್ ಎರಡು ಪಾಲು. ಆಗಷ್ಟೇ ಹಿಂಡಿದ ನಿಂಬೆ ಒಂದು.
ಪಾಕ ಒಂದಕ್ಕೆ ತುಸು ಕಡಿಮೆ;
ಹುಳಿಗೂ ಮರ್ಯಾದೆ ಬೇಕಲ್ಲ, ಅನ್ನುತ್ತಾನೆ.
ಮೊದಲ ಕುಲುಕು ಐಸಿಲ್ಲದೆ.
ಮಂದ ಸದ್ದು, ಮುಸುಕಿನೊಳಗೆ ಮಗು ಬಿಕ್ಕಳಿಸಿದಂತೆ.
ಒಳಗೆ ಬಿಳಿ, ಹುಳಿಗೆ ಬೆಚ್ಚಿ,
ಕೈಗೆ ಸಿಕ್ಕ ಗಾಳಿಯನ್ನೆಲ್ಲ ತಬ್ಬಿಕೊಳ್ಳುತ್ತಿರುತ್ತದೆ.
ಆಮೇಲೆ ಐಸು, ಆಮೇಲೆ ಗಲಾಟೆ,
ತಗಡಿಗೆ ಬೆರಳು ಅಂಟುವ ತನಕ.
ಸೋಸಿ ಸುರಿದರೆ ಮೊದಲು ಎಲ್ಲ ಮಬ್ಬು.
ಕಾಯಬೇಕು.
ಕೆಳಗೆ ನಿಂಬೆಬಣ್ಣ ತಿಳಿಯಾಗುತ್ತ
ಮೇಲೆ ನೊರೆ ನಿಲ್ಲುತ್ತದೆ, ಎರಡು ಬೆರಳು ದಪ್ಪ,
ಇಸ್ತ್ರಿ ಹಾಕಿದಂತೆ.
ಅದರ ಮೇಲೆ ಬಿಟರ್ಸ್, ಕಂದು ಹನಿ ಮೂರು.
ಕಡ್ಡಿ ಎಳೆದು ಅದನ್ನು ಹೃದಯ ಮಾಡುತ್ತಾರಂತೆ ಬಾರ್ಸಿಲೋನಾದಲ್ಲಿ.
ಇವನು ಚುಕ್ಕಿಯನ್ನು ಚುಕ್ಕಿಯಾಗಿಯೇ ಬಿಡುತ್ತಾನೆ.

ಆ ಶುಕ್ರವಾರ ಪಶುವೈದ್ಯರ ಸಂಘದ ಊಟ.
ಹನ್ನೆರಡು ಜನ, ಹನ್ನೆರಡು ಜಿನ್ ಸಾವರ್,
ಹಿಂದೆಯೇ ಸೀಗಡಿ, ಮಯೊನೀಸ್.
ಬುಟ್ಟಿಯಲ್ಲಿ ಹನ್ನೆರಡೇ ಮೊಟ್ಟೆ.
ಏಳನೆಯದು ಕೈಕೊಟ್ಟಿತು.
ಹಳದಿ ಒಡೆದು, ಬಿಳಿಯೊಳಗೆ ದಾರದಂತೆ ಇಳಿಯಿತು.
ಜಿಡ್ಡು ಸೋಕಿದ ಬಿಳಿ ಸರಿಯಾಗಿ ನೊರೆಗಟ್ಟದು.
ತೊಫೊಲ್ ಅದನ್ನು ಬೆಕ್ಕಿನ ತಟ್ಟೆಗೆ ಸುರಿದ,
ಮಿಕ್ಕ ಐದನ್ನು ಉಸಿರು ಬಿಗಿಹಿಡಿದು ಒಡೆದ,
ಒಬ್ಬ ವೈದ್ಯರಿಗೆ ಬೋಳು ಗ್ಲಾಸು ಕೊಟ್ಟ.

ಆಗ ಕಿಂಡಿ ಮಾತಾಡಿತು.
'ಹನ್ನೊಂದೇ ಇದೆ.'

ಬೆಕ್ಕು ಕೂಡ ತಲೆಯೆತ್ತಿತು.
ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತ ಅವನು,
'ಒಂದು ಒಡೀತು' ಅಂದ.
ಆಚೆ ಚಮಚದ ಸದ್ದು ನಿಂತಿತು. ಬಹಳ ಹೊತ್ತು.
'ಹಾಗಾದ್ರೆ ನಿಂಗೂ ಕಡಿಮೆ ಬಿತ್ತು.'
'ಹೂಂ.'
ಚಮಚ ಮತ್ತೆ ಶುರುವಾಯಿತು.

ಮೀಸೆಯ ನೊರೆ ಒರೆಸದೆ ಮನೆಗೆ ಓಡಿದೆ,
ಹೆಂಡತಿಗೆ ಹೇಳಿದೆ, ಒಂದಕ್ಷರ ಬಿಡದೆ.
'ಹಾಗಾದರೆ ದೋಣಿಯ ವಿಷಯ?' ಅಂದಳು.
ದೋಣಿ ಬೇರೆ, ಅಂದೆ,
ಮೊಟ್ಟೆ ಬೇರೆ.